ಆರನೆಯ ಗ್ಲಾಸಿನ ನೀರು

ಮಾಳಪ್ಪನವರೇ, ಆ ಊರಿನ ನೀರು ಕೆಡಿಸಿದವಳು ನಾನು. ನಿಮ್ಮ ಫೋನು ಬಂದಾಗ ಸರಿಯಾದ ಉತ್ತರ ನನ್ನ ಕಣ್ಣೆದುರೇ ಇತ್ತು — ಲ್ಯಾಬಿನ ಮೇಜಿನ ಮೇಲೆ, ಗ್ಲಾಸಿನಲ್ಲಿ, ತಿಳಿಯಾಗಿ ನಿಂತಿತ್ತು. ಅದನ್ನು ನೋಡುತ್ತಲೇ ನಿಮಗೆ ಅದರ ವಿರುದ್ಧದ ಮಾತು ಹೇಳಿದೆ. ಮರೆವಿನಿಂದ ಆದದ್ದಲ್ಲ, ಗಡಿಬಿಡಿಯಿಂದಲೂ ಅಲ್ಲ. ನಿಮ್ಮನ್ನು ಹಾಳು ಮಾಡಬೇಕೆಂದೇ ಹೇಳಿದೆ. ಫೋನಿಟ್ಟ ಮೇಲೆ ಚಹಾ ತರಿಸಿ ಕುಡಿದೆ. ಚಹಾ ರುಚಿಯಾಗಿತ್ತು.

ಈ ಕೊನೆಯ ವಾಕ್ಯವನ್ನು ಒಮ್ಮೆ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ಚಹಾ ನಿಜವಾಗಿ ರುಚಿಯಾಗಿತ್ತೋ, ನನ್ನನ್ನು ಇನ್ನಷ್ಟು ಕೆಟ್ಟವಳೆಂದು ತೋರಿಸಿಕೊಳ್ಳಲು ನೆನಪು ಅದನ್ನು ಆಮೇಲೆ ಸೇರಿಸಿತೋ — ಗೊತ್ತಿಲ್ಲ. ತಪ್ಪೊಪ್ಪಿಕೊಳ್ಳುವಾಗಲೂ ಮನುಷ್ಯರು ಸಿಂಗಾರ ಮಾಡಿಕೊಳ್ಳುತ್ತಾರೆ. ಕಾಲೇಜಿನ ದಿನಗಳಿಂದ ದಿನಚರಿ ಬರೆಯುವ ಅಭ್ಯಾಸ ನನ್ನದು. ಆ ವಾರ ಮಾತ್ರ ಒಂದು ಸಾಲೂ ಬರೆದಿಲ್ಲ. ಆದ್ದರಿಂದ ಇಲ್ಲಿರುವುದೆಲ್ಲ ನೆನಪಿನಿಂದ ತೆಗೆದದ್ದು. ಖಾತ್ರಿ ಇಲ್ಲದ ಕಡೆ ಇಲ್ಲ ಎಂದೇ ಹೇಳುತ್ತೇನೆ. ಫೋನಿನಲ್ಲಿ ಆಡಿದ ಮಾತಿನ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ನಿಮಗೆ ಗೊತ್ತಿರುವುದನ್ನೂ ಬರೆಯಬೇಕಾಗಿದೆ. ಇದನ್ನು ನಿಮ್ಮ ಮನೆಯವರೂ ಆ ಊರಿನವರೂ ಓದಬೇಕೆಂದು ನನ್ನ ಆಸೆ. ಅವರಿಗೆ ನಮ್ಮ ಕೆಲಸದ ಒಳಗು ತಿಳಿಯದು.

ಬೀದರಿನ ಅಂಚಿಗೆ, ಕೊಳಾರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮ ಕಾರ್ಖಾನೆ. ಸಣ್ಣದು. ಬೇರೆ ಕಾರ್ಖಾನೆಗಳ ಕೆಲಸ ಸುಧಾರಿಸುವ ರಾಸಾಯನಿಕಗಳನ್ನು ತಯಾರಿಸುತ್ತಿದ್ದೆವು. ಕಾಗದದ ಗಿರಣಿಗೆ ಒಂದು — ತಿರುಳಿನೊಳಗಿನ ಸಣ್ಣ ನಾರು ನೀರಿನ ಜೊತೆ ಹರಿದುಹೋಗದಂತೆ ಹಿಡಿದು ಹಾಳೆಯಲ್ಲೇ ಉಳಿಸುವುದು. ಟೈಲ್ಸ್ ಮತ್ತು ಪಿಂಗಾಣಿ ಮಾಡುವವರಿಗೆ ಇನ್ನೊಂದು — ಜೇಡಿಮಣ್ಣಿನ ಕಣಗಳು ಒಂದಕ್ಕೊಂದು ಅಂಟದಂತೆ ಬಿಡಿಸಿಟ್ಟು, ಕಡಿಮೆ ನೀರಿನಲ್ಲೇ ಮಣ್ಣು ಅಚ್ಚಿನೊಳಗೆ ಹರಿಯುವಂತೆ ಮಾಡುವುದು. ಕುಡಿಯುವ ನೀರಿನ ಘಟಕಗಳಿಗೆ ಮತ್ತೊಂದು ಬಿಳಿ ಪುಡಿ. ಅದು ನೀರಿನಲ್ಲಿ ತೇಲುವ ಮಣ್ಣನ್ನು ಹೆಪ್ಪುಗಟ್ಟಿಸಿ ತಳಕ್ಕಿಳಿಸುತ್ತದೆ. ನೀವು ಹೊಸ ಗಿರಾಕಿಗಳಿಗೆ ಇದನ್ನು ವಿವರಿಸುತ್ತಿದ್ದ ರೀತಿ ನೆನಪಿದೆ: "ನಮ್ಮದು ಲಗ್ನ ಮಾಡಸೋ ದಂಧೆನೂ ಹೌದ್ರಿ, ತಲಾಕ್ ಕೊಡಸೋ ದಂಧೆನೂ ಹೌದ್ರಿ. ನಿಮಗ್ಯಾವ್ದು ಬೇಕು ಹೇಳ್ರಿ." ನಾನು ಎಷ್ಟು ಸಲ ಕೇಳಿದ್ದರೂ ನಗುತ್ತಿದ್ದೆ.

ಭಾಲ್ಕಿ ತಾಲೂಕಿನ ಮೆಹಕರದ ಬೌದ್ಧ ಮನೆಯವಳು ನಾನು. ಅಪ್ಪ ಸಾಲಿ ಮಾಸ್ತರರು. ಕಲಬುರಗಿಯಲ್ಲಿ ರಸಾಯನಶಾಸ್ತ್ರ ಓದಿ ಬಂದು ಆ ಕಾರ್ಖಾನೆಯ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ನೀವು ಬಗದಲಿನವರು, ಕುರಿ ಸಾಕುವ ಮನೆತನ. ನೀವೂ ವಿಜ್ಞಾನ ಓದಿದವರೇ. ಗಿರಣಿಗಳಿಗೆ ಹೋಗಿ ನಮ್ಮ ಮಾಲನ್ನು ಅವರ ಯಂತ್ರದಲ್ಲಿ ಹಾಕಿ ತೋರಿಸುವುದು ನಿಮ್ಮ ಕೆಲಸ. ಮಧ್ಯಾಹ್ನ ನನ್ನ ಡಬ್ಬಿಯಿಂದ ಶೇಂಗಾ ಹಿಂಡಿ — ಶೇಂಗಾ ಚಟ್ನಿಪುಡಿ — ಕೇಳಿ ಹಾಕಿಸಿಕೊಂಡು ತಿನ್ನುತ್ತಿದ್ದಿರಿ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ — ನೀವು ಬೇರೆಯವರಾಗಿದ್ದರೆ, ಆಮೇಲೆ ನೀವಾಡಿದ ಒಂದು ಮಾತು ನನ್ನನ್ನು ಅಷ್ಟು ಸುಡುತ್ತಿರಲಿಲ್ಲ. ಅಂಥ ಮಾತು ಆಡುವ ಬಾಯಿಗಳನ್ನು ನಾನು ದೂರದಿಂದಲೇ ಗುರುತಿಸುತ್ತಿದ್ದೆ. ನಿಮ್ಮದನ್ನು ಗುರುತಿಸಿರಲಿಲ್ಲ.

ನನ್ನ ತಮ್ಮ ಮಿಲಿಂದನನ್ನು ಕಾರ್ಖಾನೆಯ ಮಿಕ್ಸಿಂಗ್ ಶೆಡ್ಡಿಗೆ ಸೇರಿಸಿದವಳು ನಾನೇ. ಗಿರಣಿಯಲ್ಲಿ ಟ್ರಯಲ್ ಇದ್ದಾಗ ಕಾಗದಕ್ಕೆ ಹಾಕುವ ಪುಡಿಯನ್ನು ನಾವೇ ನೀರಿನಲ್ಲಿ ಕರಗಿಸಿ ಡ್ರಮ್ಮುಗಳಲ್ಲಿ ಕಳಿಸುತ್ತಿದ್ದೆವು. ಆ ಪುಡಿಗೆ ಒಂದು ಗುಣವಿದೆ. ಕುದಿಯುವ ನೀರಿಗೆ ಝುಣಕದ ಹಿಟ್ಟು ಉದುರಿಸುತ್ತೇವಲ್ಲ — ಒಂದು ಕೈ ತಿರುವುತ್ತಿರಬೇಕು, ಇನ್ನೊಂದು ಕೈ ನಿಧಾನ ಉದುರಿಸುತ್ತಿರಬೇಕು — ಹಾಗೆ. ಒಮ್ಮೆಲೇ ಸುರುವಿದರೆ ಗಂಟಾಗುತ್ತದೆ. ಹೊರಗೆ ಲೋಳೆ, ಒಳಗೆ ಒಣ ಪುಡಿ. ಎಷ್ಟು ತಿರುವಿದರೂ ಮತ್ತೆ ಒಡೆಯುವುದಿಲ್ಲ. ಒಂದು ಟ್ರಯಲ್ಲಿನ ಡ್ರಮ್ಮುಗಳು ಹಾಗೆ ಗಂಟುಗಟ್ಟಿ ಗಿರಣಿಗೆ ಹೋದವು. ಗಂಟುಗಳು ಹಾಳೆಯೊಳಗೆ ಸೇರಿ, ಓಡುತ್ತಿದ್ದ ಕಾಗದ ಮತ್ತೆ ಮತ್ತೆ ಹರಿದು, ಯಂತ್ರ ನಿಲ್ಲಿಸಬೇಕಾಯಿತು. ಗಿರಣಿಯವರು ನಿಮ್ಮನ್ನು ಬೈದು ಕಳಿಸಿದರು.

ಮರುದಿನ ಮಾಲಕರ ಕೋಣೆಯಲ್ಲಿ ನಾವು — ನೀವು, ನಾನು, ಬಾಗಿಲ ಬಳಿ ತಲೆ ತಗ್ಗಿಸಿದ ಮಿಲಿಂದ. ಮಾಲಕರು ಯಾರು ಮಾಡಿದ್ದು ಎಂದು ಕೇಳಿದರು. ಆಗ ನೀವು ಹೇಳಿದಿರಿ:

"ಸರ್, ಈ ಮಂದೀನ ತಗೊಂಡ್ರ ಹಿಂಗೇ ಆಗ್ತದರಿ. ಸರ್ಟಿಫಿಕೇಟ್ ಸಿಗ್ತದ, ಕೈಗೆ ಕೆಲಸ ಹತ್ತಂಗಿಲ್ಲ."

ನಾನು ನಿಮ್ಮ ಪಕ್ಕದಲ್ಲೇ ನಿಂತಿದ್ದೆ. ನಿಮ್ಮ ಅಂಗಿಯ ತೋಳು ನನ್ನ ದುಪಟ್ಟಾಕ್ಕೆ ತಾಗುವಷ್ಟು ಹತ್ತಿರ. ನೀವು ನನ್ನ ಕಡೆ ನೋಡಲಿಲ್ಲ. ಮಾಲಕರು ಒಮ್ಮೆ ನನ್ನ ಕಡೆ ನೋಡಿ ಕಣ್ಣು ತಿರುಗಿಸಿದರು. ಮಿಲಿಂದನಿಗೆ ಕೈಸನ್ನೆ ಮಾಡಿದರು, ಅಷ್ಟೇ. ಅವನ ಕೆಲಸ ಹೋಯಿತು. ನಾನು — ಎಂ.ಎಸ್ಸಿ. ಓದಿದವಳು, ಊರಿನ ಸಭೆಗಳಲ್ಲಿ ಭಾಷಣ ಮಾಡಿದವಳು — ಒಂದು ಮಾತು ಆಡಲಿಲ್ಲ. ಯಾಕೆ ಆಡಲಿಲ್ಲ ಎಂಬುದನ್ನು ಇಷ್ಟು ವರ್ಷ ಕೆದಕಿದ್ದೇನೆ. ನನ್ನ ಕೆಲಸವೂ ಹೋದೀತೆಂಬ ಭಯವಿತ್ತು. ಅದಕ್ಕಿಂತ ಹೆಚ್ಚಾಗಿ, ಬಾಯಿ ತೆರೆದರೆ ಆ ಮಾತು ನನಗೂ ಸೇರಿದ್ದೆಂದು ಒಪ್ಪಿಕೊಂಡಂತೆ ಆಗುತ್ತದೆಂಬ ನಾಚಿಕೆ...

ಹೊರಗೆ ಸೈಕಲ್ ಸ್ಟ್ಯಾಂಡಿನ ಹತ್ತಿರ ಮಿಲಿಂದನನ್ನು ಹಿಡಿದು ನಿಲ್ಲಿಸಿದೆ. "ಒಮ್ಮೆಲೇ ಯಾಕ ಸುರುವಿದ್ಯೋ?" ಅವನು ಅಳುತ್ತಿದ್ದ. "ಮಾಳಪ್ಪ ಸರ್ರೇ ಹೇಳಿದ್ರಕ್ಕ. ಲಾರಿ ನಿಂತದ, ಪಟ್ ಅಂತ ಸುರುವಿ ಮುಗಸು ಅಂದ್ರು."

ನಾನು ಅದನ್ನು ನಂಬಿದೆ. ನಂಬಲು ಕಾಯುತ್ತಿದ್ದೆ ಎನ್ನುವುದು ಇನ್ನೂ ಸರಿಯಾದೀತು.

ಅದು ಬರದ ಮೊದಲ ವರ್ಷ. ತೊಗರಿ ಹೂವಿಗೂ ಬರಲಿಲ್ಲ. ಮೆಹಕರದಿಂದ ಜನ ಗಂಟು ಕಟ್ಟಿಕೊಂಡು ಪುಣೆಗೆ, ಹೈದರಾಬಾದಿಗೆ ಹೊರಟಿದ್ದರು. ಮಿಲಿಂದ ಅವರ ಜೊತೆ ಪುಣೆಯ ಬಸ್ಸು ಹತ್ತಿದ. ಮಾಸ್ತರರ ಮಕ್ಕಳು ತಲೆಯ ಮೇಲೆ ಇಟ್ಟಿಗೆ ಹೊರುವವರಲ್ಲ ಎಂದು ಅಪ್ಪ ಊರೆಲ್ಲ ಹೇಳಿಕೊಂಡಿದ್ದರು. ಬಸ್ಸು ಹೋದ ಮೇಲೆ ಅಪ್ಪ ನನ್ನನ್ನು ಕೇಳಿದ್ದು ಇಷ್ಟೇ: "ಮಾಲಕರ ಮುಂದ ನೀ ಏನಂದಿ, ಅವ್ವಾ?"

ಆ ಪ್ರಶ್ನೆಯೇ ನನ್ನೊಳಗೆ ಹಗೆಯಾಯಿತು. ಅದೂ ನನ್ನ ಮೇಲಲ್ಲ, ನಿಮ್ಮ ಮೇಲೆ. ನಿಮ್ಮ ಜೊತೆ ಮಾತು ನಿಲ್ಲಿಸಲಿಲ್ಲ. ಡಬ್ಬಿಯಿಂದ ಹಿಂಡಿ ಹಾಕುವುದನ್ನೂ ನಿಲ್ಲಿಸಲಿಲ್ಲ. ಹಾಕುವಾಗ ಮನಸ್ಸಿನಲ್ಲಿ ನಿಮ್ಮನ್ನು ನೂರು ರೀತಿಯಲ್ಲಿ ಉರುಳಿಸುತ್ತಿದ್ದೆ. ನಿಮ್ಮನ್ನು ಕೆಲಸದಿಂದ ತೆಗೆಸಿದರೆ ಸಾಲದು ಅನ್ನಿಸುತ್ತಿತ್ತು. ತುಂಬಿದ ಮಂದಿಯೆದುರು, ನಿಮ್ಮ ಹುಟ್ಟಿನ ಹೆಸರು ಹಿಡಿದು, ನಿಮ್ಮ ಕೈಗೆ ಕೆಲಸ ಬರುವುದಿಲ್ಲ ಎಂದು ಯಾರಾದರೂ ಹೇಳಬೇಕು — ಪಕ್ಕದಲ್ಲಿ ನಾನು ನಿಂತು ಕೇಳಬೇಕು. ಇಷ್ಟು ಸ್ಪಷ್ಟವಾಗಿ ಬಯಸಿದ್ದೆ. ಬಯಸಿದ್ದು ಹಾಗೇ ಆಯಿತು. ಆದದ್ದರಲ್ಲಿ ನನ್ನ ಕೈ ಎಷ್ಟು ಎನ್ನುವುದೇ ಈ ಬರಹ.

ಬರದ ಎರಡನೆಯ ವರ್ಷ ನೀವು ಕಾರ್ಖಾನೆ ಬಿಟ್ಟಿರಿ. ಔರಾದ ಕಡೆಯ ಒಂದು ಊರಿನಲ್ಲಿ — ಹೆಸರು ಬರೆಯುವುದಿಲ್ಲ, ಆ ಊರಿಗೆ ನಾನು ಮಾಡಿದ್ದೇ ಸಾಕು — ಕೆರೆಯ ನೀರನ್ನು ತಿಳಿ ಮಾಡಿ ಕೊಡುವ ಸಣ್ಣ ಘಟಕವನ್ನು ನಡೆಸುವ ಗುತ್ತಿಗೆ ನಿಮಗೆ ಸಿಕ್ಕಿತ್ತು. ಹೆಂಡತಿ ಕಸ್ತೂರಿಯವರನ್ನೂ ಮಕ್ಕಳನ್ನೂ ಕರೆದುಕೊಂಡು ಅಲ್ಲೇ ಮನೆ ಮಾಡಿದಿರಿ. "ನಮ್ಮ ಖಾಂದಾನದಾಗ ನಾನೇ ಮೊದಲರಿ ಮೇಡಮ್, ಸ್ವಂತದ ಕೆಲಸ ಅಂತ ಮಾಡ್ಲಾಕತ್ತಿದ್ದು," ಎಂದು ಪೇಢೆ ಹಂಚಿದಿರಿ. ನಾನೂ ತಿಂದೆ.

ಪುಡಿ ನಮ್ಮ ಕಾರ್ಖಾನೆಯಿಂದಲೇ ತೆಗೆದುಕೊಳ್ಳುತ್ತಿದ್ದಿರಿ. ಎಷ್ಟು ಹಾಕಬೇಕೆಂದು ನೋಡುವ ಯಂತ್ರ ನಿಮ್ಮಲ್ಲಿ ಇರಲಿಲ್ಲ. ಅದಕ್ಕೆ ನೀವೇ ಒಂದು ದಾರಿ ಮಾಡಿಕೊಂಡಿರಿ: ಘಟಕಕ್ಕೆ ಬರುವ ನೀರನ್ನು ಒಂದು ಕ್ಯಾನಿನಲ್ಲಿ ತುಂಬಿ ಔರಾದಿನಿಂದ ಬೀದರಿಗೆ ಬರುವ ಬಸ್ಸಿನಲ್ಲಿ ಇಡುವುದು. ನಮ್ಮ ಗೇಟಿನ ಮುಂದೆ ಬಸ್ಸು ನಿಲ್ಲಿಸಿ ಕಂಡಕ್ಟರು, "ಮೇಡಮ್ಮೋರ್ದು ತೀರ್ಥ ಬಂದದ, ಒಯ್ರಿ!" ಎಂದು ಕೂಗಿ ಇಳಿಸಿ ಹೋಗುತ್ತಿದ್ದರು. ಲ್ಯಾಬಿನಲ್ಲಿ ಸಾಲಾಗಿ ಆರು ಗ್ಲಾಸು, ಪ್ರತಿಯೊಂದರಲ್ಲೂ ತಿರುಗುವ ಪುಟ್ಟ ರೆಕ್ಕೆ. ಎಲ್ಲದರಲ್ಲೂ ಅದೇ ಕ್ಯಾನಿನ ನೀರು. ಮೊದಲನೆಯದಕ್ಕೆ ತುಸು ಪುಡಿಯ ದ್ರಾವಣ, ಎರಡನೆಯದಕ್ಕೆ ಸ್ವಲ್ಪ ಹೆಚ್ಚು, ಹೀಗೆ ಆರರವರೆಗೆ. ತಿರುಗಿಸಿ ನಿಲ್ಲಿಸಿದರೆ ಯಾವ ಗ್ಲಾಸು ಚೆನ್ನಾಗಿ ತಿಳಿಯಾಗುತ್ತದೋ ಅದರ ಅಳತೆಯನ್ನು ನಿಮಗೆ ಫೋನಿನಲ್ಲಿ ಹೇಳುತ್ತಿದ್ದೆ. ನೀವು ಅಷ್ಟೇ ಹಾಕುತ್ತಿದ್ದಿರಿ.

ಓದುವವರಿಗೆ ಇದೊಂದು ತಿಳಿಯಬೇಕು: ಈ ಪುಡಿಯ ವಿಷಯದಲ್ಲಿ ಹೆಚ್ಚು ಹಾಕಿದಷ್ಟೂ ಹೆಚ್ಚು ಕೆಲಸ ಎಂಬುದಿಲ್ಲ. ಬೇಕಾದಷ್ಟು ಬಿದ್ದರೆ ಮಣ್ಣಿನ ಕಣಗಳು ಒಂದನ್ನೊಂದು ಹಿಡಿದು ಒಡೆದ ಹಾಲಿನಂತಾಗಿ ಕೆಳಗಿಳಿಯುತ್ತವೆ. ಅದಕ್ಕಿಂತ ಜಾಸ್ತಿಯಾದರೆ ಅವೇ ಕಣಗಳು ಮತ್ತೆ ಒಂದನ್ನೊಂದು ದೂಡಿ, ನೀರಿನ ತುಂಬ ಹರಡಿ, ನೀರು ಮೊದಲಿಗಿಂತ ಕದಡುತ್ತದೆ. ಆರನೆಯ ಗ್ಲಾಸು ಯಾವಾಗಲೂ ಕದಡಿಯೇ ಇರುತ್ತಿತ್ತು.

ಆ ಬೇಸಿಗೆಯಲ್ಲಿ ಕೆರೆ ತಳ ಕಂಡಿತು. ಬೇರೆ ಕಡೆಯಿಂದ ಬೋರಿನ ನೀರನ್ನು ಟ್ಯಾಂಕರಿನಲ್ಲಿ ತಂದು ನಿಮ್ಮ ಘಟಕದ ಹೌಜಿಗೇ, ಅಂದರೆ ದೊಡ್ಡ ತೊಟ್ಟಿಗೇ, ಸುರಿಯತೊಡಗಿದರು. ಬೋರಿನ ನೀರಿನಲ್ಲಿ ಕೆಸರು ಕಡಿಮೆ. ಬೆರಕೆಯಾದ ಮೇಲೆ ಪುಡಿಯೂ ಕಡಿಮೆ ಬೇಕು. ನೀವು ಹಳೆಯ ಅಳತೆಯಲ್ಲೇ ಹಾಕುತ್ತಿದ್ದಿರಿ, ನೀರು ಕದಡಿತು. ಅಂದೇ ಕ್ಯಾನು ಕಳಿಸಿದಿರಿ. ನಾನು ಪರೀಕ್ಷೆ ಮಾಡಿದೆ. ಮಾಡಿರಲಿಲ್ಲ ಎಂದು ನೆನಪಿಟ್ಟುಕೊಳ್ಳಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಮಾಡಿದ್ದೆ. ಎರಡನೆಯ ಗ್ಲಾಸು ಕನ್ನಡಿಯಂತೆ ತಿಳಿ. ನಿಮ್ಮ ಹಳೆಯ ಅಳತೆ ಐದನೆಯದರ ಹತ್ತಿರ. ಆರನೆಯದು ಮಜ್ಜಿಗೆ.

ಫೋನು ಬಂತು.

"ಸುಜಾತಾ ಮೇಡಮ್, ನಾ ಮಾಳಪ್ಪರಿ. ಕ್ಯಾನ್ ಮುಟ್ಟ್ಯಾದೇನ್ರಿ?"

"ಮುಟ್ಟ್ಯಾದ."

"ನೀರು ಹಾಲಿನಂಗ ಆಗ್ಯಾದರಿ. ಹೆಣ್ಮಕ್ಕಳು ಕೊಡ ಹಿಡ್ಕೊಂಡು ನನ್ನ ತೆಲಿ ಮ್ಯಾಲೇ ನಿಂತಾರ. ನನಗನಸ್ತದ, ಪುಡಿ ಜಾಸ್ತಿ ಆಗ್ಲಾಕತ್ತದ. ಜರಾ ಕಡಿಮಿ ಮಾಡಿ ನೋಡ್ಲೇನ್ರಿ?"

ನೀವು ಸರಿಯಾಗಿಯೇ ಹೇಳಿದ್ದಿರಿ. ಗ್ಲಾಸು ಇಲ್ಲದೆ, ಯಂತ್ರವಿಲ್ಲದೆ. ನಾನು "ಹ್ಞೂಂ" ಎಂದಿದ್ದರೆ ಸಾಕಿತ್ತು.

"ಕಡಿಮಿ ಮಾಡಬ್ಯಾಡ್ರಿ. ಇನ್ನಷ್ಟು ಹಾಕ್ರಿ. ತಿಳಿ ಆಗೂ ತನಕ ಹಾಕ್ತಾ ಹೋಗ್ರಿ."

"ಖರೇನ್ರಿ?"

"ಲ್ಯಾಬ್ ನಂದೋ, ನಿಮ್ದೋ?"

"ನಿಮ್ದೇ ಬಿಡ್ರಿ ತಾಯಿ," ಎಂದು ನಕ್ಕು ಫೋನಿಟ್ಟಿರಿ.

ಆ ನಗು ನನಗೆ ಕೇಳಿಸಿತು, ಆದರೂ ತಿರುಗಿ ಫೋನು ಮಾಡಲಿಲ್ಲ. ಆ ದಿನ ಮಾಡಲಿಲ್ಲ, ಮರುದಿನವೂ ಮಾಡಲಿಲ್ಲ. ಲ್ಯಾಬಿನ ಕಿಟಕಿಯಿಂದ ಆಚೆ ನೋಡುತ್ತ, ಈಗ ಇನ್ನೊಂದು ಚೀಲ ಬಿಚ್ಚಿರಬಹುದು, ಈಗ ಮತ್ತೊಂದು ಎಂದು ಊಹಿಸುತ್ತಿದ್ದೆ. ಸುಖವಾಗಿತ್ತು. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ನೀವು ಹಾಕುತ್ತ ಹೋದಿರಿ. ನೀರು ಕದಡುತ್ತ ಹೋಯಿತು. ಹೆಚ್ಚಾದ ಪುಡಿ ಲೋಳೆಯಾಗಿ ಸೋಸುವ ಮರಳಿನೊಳಗಿಳಿದು ಮರಳೆಲ್ಲ ಮುದ್ದೆಯಾಯಿತು. ನೀರು ಇಳಿಯುವುದೇ ನಿಂತಿತು. ಇಲ್ಲಿ ನಾನು ಎಣಿಸದೇ ಇದ್ದ ಒಂದು ಸಂಗತಿ ಇದೆ — ಎಣಿಸಿರಲಿಲ್ಲ ಎಂದೇ ನಂಬಿದ್ದೇನೆ. ಹಾಗೆ ಕೆಟ್ಟ ಮರಳನ್ನು ತೊಳೆಯಲು ನೀರು ಬೇಕು, ಧಾರಾಳವಾಗಿ ಬೇಕು. ಕುಡಿಯಲು ಇಲ್ಲದ ಊರಿನಲ್ಲಿ ಮರಳು ತೊಳೆಯಲು ನೀರು ಎಲ್ಲಿಂದ ಬರಬೇಕು? ಘಟಕ ನಿಂತದ್ದು ನಿಂತೇಬಿಟ್ಟಿತು. ಜನ ಹೊಲದ ಹಾಳು ಬಾವಿಗೆ ಇಳಿದರು. ಅದುವರೆಗೆ ಹೇಗೋ ಹಲ್ಲು ಕಚ್ಚಿ ಉಳಿದಿದ್ದ ಮನೆಗಳೂ ಬೀಗ ಹಾಕಿಕೊಂಡವು.

ಊರಿನವರು ಕಾರ್ಖಾನೆಯ ಪುಡಿಯೇ ಕೆಟ್ಟದ್ದೆಂದು ಗಲಾಟೆ ಮಾಡಿದರು. ಮಾಲಕರು ನನ್ನನ್ನು ಜೀಪಿನಲ್ಲಿ ಕಳಿಸಿದರು: "ನಮ್ಮ ಮಾಲ್ ಬರೋಬ್ಬರಿ ಅದ ಅಂತ ಅವ್ರ ಮುಂದೇ ತೋರ್ಸಿ ಬಾ."

ದಾರಿಯಲ್ಲಿ ಔರಾದಿನ ಬಸ್ ಸ್ಟ್ಯಾಂಡು ಸಿಕ್ಕಿತು. ಗಂಟುಗಳ ಮೇಲೆ ಕೂತ ಜನ. ಅವರಲ್ಲಿ ಎಷ್ಟು ಮಂದಿ ಆ ಊರಿನವರು, ಎಷ್ಟು ಮಂದಿ ಹೇಗೂ ಹೋಗುವವರೇ ಆಗಿದ್ದರು — ತಿಳಿಯದು. ನಾನು ಜೀಪು ನಿಲ್ಲಿಸಿ ಕೇಳಲಿಲ್ಲ. ಕೇಳಿದ್ದರೆ ತಿಳಿಯುತ್ತಿತ್ತು.

ಘಟಕದ ಮುಂದಿನ ಕಟ್ಟೆಯ ಮೇಲೆ ಆರು ಗ್ಲಾಸು ಜೋಡಿಸಿದೆ. ಊರೇ ಸುತ್ತ ನಿಂತಿತ್ತು. ನೀವು ಗೋಡೆಗೆ ಒರಗಿದ್ದಿರಿ. ಅಂಗಿಯ ಗುಂಡಿ ಹರಿದಿತ್ತು, ಯಾರೋ ಕೊರಳಪಟ್ಟಿ ಹಿಡಿದಿರಬೇಕು. ಪುಡಿ ಬೀಳದ ನೀರು ತುಂಬಿ, ದ್ರಾವಣ ಹಾಕಿ, ಕೈಯಲ್ಲೇ ತಿರುವಿ ನಿಲ್ಲಿಸಿದೆ. ಎರಡನೆಯ ಗ್ಲಾಸಿನಲ್ಲಿ ಹೆಪ್ಪು ಕಟ್ಟಿ ಇಳಿಯತೊಡಗಿತು. ಮೇಲೆ ತಿಳಿನೀರು. ಜನ ನೋಡುತ್ತಿದ್ದರು. ಒಬ್ಬ ಮುದುಕಿ ಬಗ್ಗಿ ನೋಡಿ ಕೇಳಿದಳು:

"ಅವ್ವಾ, ಗಿಲಾಸಿನಾಗ ತಿಳಿ ಆಗ್ತದ. ನಮ್ಮ ಹೌಜಿನಾಗ ಯಾಕ ಆಗಲಿಲ್ಲ?"

"ಪುಡಿ ಚಲೋ ಅದ, ಆಯಿ. ಹಾಕಿದ್ದು ಜಾಸ್ತಿ ಆಗ್ಯಾದ," ಎಂದೆ. ಕೈಯೆತ್ತಿ ಆರನೆಯ ಗ್ಲಾಸನ್ನು ತೋರಿಸಿದೆ.

"ಯಾರು ಹೇಳಿದ್ರೋ ನಿನಗ ಇಷ್ಟು ಹಾಕು ಅಂತ?" ಒಬ್ಬ ಗಂಡಸು ನಿಮ್ಮನ್ನು ಕೇಳಿದ.

ನಾನು ಗ್ಲಾಸುಗಳನ್ನು ನೋಡುತ್ತ ನಿಂತೆ. ಈಗ ನನ್ನ ಹೆಸರು ಬರುತ್ತದೆ. ಬಂದರೆ ಇಲ್ಲ ಎನ್ನಬೇಕು — ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಫೋನಿನ ಮಾತಿಗೆ ಸಾಕ್ಷಿ ಯಾರು?

"ಯಾರೂ ಹೇಳಿಲ್ಲ," ಎಂದಿರಿ ನೀವು. "ನಾನೇ ಹಾಕೀನಿ."

"ಹಾಕ್ತೀ ನೋಡು! ಕುರಿ ಕಾಯೋ ಮಂದಿ ಕೈಯಾಗ ಮಿಷನ್ ಕೊಟ್ರ ಹಿಂಗೇ ಆಗ್ತದ. ಹೋಗು, ಬಗದಲಿಗೆ ಹೋಗಿ ಕುರಿ ಹಿಕ್ಕಿ ಬಳಿ!"

ಜನ ನಕ್ಕರು. ಹಿಂದೆ ಬಾಗಿಲಲ್ಲಿ ಕಸ್ತೂರಿಯವರು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಮಾಲಕರ ಕೋಣೆಯಲ್ಲಿ ನೀವು ಆಡಿದ್ದ ಮಾತೇ ಇದು. ಮಂದಿಯ ಹೆಸರು ಮಾತ್ರ ಬೇರೆ. ನಾನು ಬಯಸಿದಂತೆಯೇ, ನಾನು ಪಕ್ಕದಲ್ಲಿ ನಿಂತಿರುವಾಗಲೇ ಬಂದಿತ್ತು. ಆ ಕ್ಷಣ ನನ್ನೊಳಗೆ ಏನಾಯಿತೆಂದು ಬರೆಯಲೇಬೇಕು: ಸಂತೋಷವಾಯಿತು. ಆ ಮಾತಿನ ವಿಷ ಏನೆಂದು ಚೆನ್ನಾಗಿ ಬಲ್ಲ ನಾನು, ಅದೇ ವಿಷ ಇನ್ನೊಬ್ಬರ ಮೈಗಿಳಿಯುವುದನ್ನು ನೋಡಿ ಸಂತೋಷಪಟ್ಟೆ. ನಾಚಿಕೆ ಬಂದದ್ದು ಬಹಳ ಆಮೇಲೆ. ಅಲ್ಲೇ ಬಂದಿತ್ತು ಎಂದು ಬರೆದರೆ ಸುಳ್ಳಾದೀತು.

ಗ್ಲಾಸು ಖಾಲಿ ಮಾಡಲು ಹೋದಾಗ ಆ ಮುದುಕಿ, "ಚೆಲ್ಲಬ್ಯಾಡ್ರೆವ್ವಾ," ಎಂದು ತಿಳಿನೀರಿನ ಗ್ಲಾಸಿಗೆ ತನ್ನ ತಂಬಿಗೆ ಒಡ್ಡಿದಳು. ನಾನು ಬಗ್ಗಿಸಿದೆ.

ಪೆಟ್ಟಿಗೆಯನ್ನು ಜೀಪಿನವರೆಗೆ ಹೊತ್ತು ತಂದವರು ನೀವು. ಒಳಗಿಟ್ಟು, ಬಾಗಿಲು ಹಾಕುವ ಮುಂಚೆ, ಯಾರಿಗೂ ಕೇಳಿಸದಂತೆ ಹೇಳಿದಿರಿ:

"ನಿಮ್ಮ ತಮ್ಮಂದು ಲೆಕ್ಕ ಮುಗೀತಲ್ರಿ, ಮೇಡಮ್?"

ನಿಮಗೆ ಗೊತ್ತಿತ್ತು. ಎಲ್ಲಿಂದ ಗೊತ್ತಾಯಿತು — ಫೋನಿನ ದನಿಯಿಂದಲೋ, ಕಟ್ಟೆಯ ಮೇಲೆ ನಾನು ಒಮ್ಮೆಗೇ ಆರನೆಯ ಗ್ಲಾಸನ್ನು ತೋರಿಸಿದ್ದರಿಂದಲೋ... ಗೊತ್ತಿದ್ದೂ ಊರಿನೆದುರು ನನ್ನ ಹೆಸರು ಎತ್ತಲಿಲ್ಲ. ಅದು ಪ್ರಾಯಶ್ಚಿತ್ತವೇ? ಅಥವಾ, ಲ್ಯಾಬಿನವಳು ಹೇಳಿದಳೆಂದರೆ ಯಾರೂ ನಂಬಲಾರರೆಂಬ ಲೆಕ್ಕವೇ? ನಿಮ್ಮನ್ನು ದೊಡ್ಡವರನ್ನಾಗಿ ಮಾಡಲು ನನಗೆ ಇನ್ನೂ ಮನಸ್ಸು ಬಾರದು. ಜೀಪು ಹೊರಟಿತು.

ನಿಮ್ಮ ಗುತ್ತಿಗೆ ಹೋಯಿತು. ನೀವು ಹೈದರಾಬಾದಿನ ಯಾವುದೋ ಅಪಾರ್ಟ್‌ಮೆಂಟಿನ ಗೇಟು ಕಾಯುತ್ತಿದ್ದೀರೆಂದು ಆಮೇಲೆ ಯಾರೋ ಹೇಳಿದರು. ನಾನು ಕಾರ್ಖಾನೆ ಬಿಟ್ಟು ಭಾಲ್ಕಿಯ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿಕೊಂಡೆ. ಮಳೆ ಬಂತು. ಆ ಊರಿನಲ್ಲಿ ಮರಳು ಬದಲಿಸಿ ಘಟಕ ನಡೆಸಿದರಂತೆ. ಹೋದವರೆಲ್ಲ ತಿರುಗಿ ಬರಲಿಲ್ಲವಂತೆ.

ಮಿಲಿಂದ ಪುಣೆಯಲ್ಲಿ ಟೈಲ್ಸ್ ಕೂಡಿಸುವ ಕೆಲಸ ಕಲಿತು, ಈಗ ತನ್ನದೇ ನಾಲ್ಕು ಆಳು ಇಟ್ಟುಕೊಂಡಿದ್ದಾನೆ. ಅವನು ಊರಿಗೆ ಬಂದಿದ್ದಾಗ ಒಮ್ಮೆ, ಅಂಗಳದಲ್ಲಿ ಕೂತು, ಹೇಗೋ ಆ ಮಾತು ಬಂತು. ಮಾಳಪ್ಪನಿಂದಾಗಿ ನೀನು ಊರು ಬಿಡಬೇಕಾಯಿತು ಎಂದೆ. ಅವನು ಹುಬ್ಬು ಗಂಟಿಕ್ಕಿದ.

"ಮಾಳಪ್ಪ ಸರ್ ಆವತ್ತು ಶೆಡ್ಡಿನಾಗ ಇದ್ರೇನಕ್ಕ? ನನಗ ಯಾದಿಲ್ಲ ನೋಡು. ಲಾರಿ ಡ್ರೈವರ್ ಒದರ್ಲಾಕತ್ತಿದ್ದ, ಅಷ್ಟೇ ಯಾದ್ ಅದ."

"ನೀನೇ ಹೇಳಿದ್ಯಲ್ಲೋ, ಸೈಕಲ್ ಸ್ಟ್ಯಾಂಡಿನ ಹತ್ರ! ಸುರುವು ಅಂತ ಅವರೇ ಅಂದ್ರು ಅಂತ."

"ಹೇಳಿರ್ಬೇಕು ಬಿಡು. ನಿನ್ನ ಮಾರಿ ಹಂಗಿತ್ತು. ಯಾರದಾರ ಹೆಸರು ಹೇಳ್ಬೇಕಲ್ಲ," ಎಂದು ನಕ್ಕು, ತಟ್ಟೆಯಲ್ಲಿದ್ದ ಶೇಂಗಾ ಬಿಡಿಸತೊಡಗಿದ.

ಅವನು ಅಂದು ಸುಳ್ಳು ಹೇಳಿದನೋ, ಇಂದು ಮರೆತನೋ ನಾನು ತೀರ್ಮಾನಿಸಲಾರೆ. ನೀವು ಹಾಗೆ ಹೇಳಿದ್ದಿರೋ ಇಲ್ಲವೋ ಎಂದು ಬಲ್ಲವರು ನೀವೊಬ್ಬರೇ, ನಾನು ನಿಮ್ಮನ್ನು ಯಾವತ್ತೂ ಕೇಳಲಿಲ್ಲ. ಕೇಳದೆ ಶಿಕ್ಷೆ ಕೊಟ್ಟೆ. ಒಬ್ಬ ಅಳುವ ಹುಡುಗನ ಮಾತಿನ ಮೇಲೆ ಒಂದು ಊರಿನ ನೀರು ನಿಲ್ಲಿಸಿದೆ. ಈಗ ಆ ಮಾತು ಅವನಿಗೇ ನೆನಪಿಲ್ಲ.

ಆದರೂ ಇದನ್ನು ಬರೆಯುತ್ತಿರಲಿಲ್ಲವೇನೋ. ನೀವು ಬಗದಲಿಗೆ ತಿರುಗಿ ಬಂದಿದ್ದೀರೆಂದು ಕೇಳಿದ್ದೆ. ಆ ಕಡೆ ಹೋಗುವುದನ್ನು ತಪ್ಪಿಸುತ್ತಿದ್ದೆ. ಹೋದ ತಿಂಗಳು ಭಾಲ್ಕಿಯಲ್ಲಿ ಹಳೆಯ ಸಹೋದ್ಯೋಗಿಯ ಮಗಳ ಮದುವೆಯಲ್ಲಿ ಎದುರುಬದುರು ಸಿಕ್ಕೆವು. ಕಸ್ತೂರಿಯವರು ನನ್ನ ಕೈ ಹಿಡಿದು, ಪಕ್ಕದಲ್ಲಿದ್ದ ತಮ್ಮ ಹೊಸ ಅಳಿಯನಿಗೆ ಪರಿಚಯ ಮಾಡಿಕೊಟ್ಟರು: "ಇವ್ರೇ ನೋಡಪ್ಪಾ ಆ ಮೇಡಮ್ಮೋರು, ಅವತ್ತು ಬಂದು ಖರೇ ಏನಂತ ತೋರ್ಸಿಕೊಟ್ಟೋರು." ಮತ್ತೆ ನನ್ನ ಕಡೆ ತಿರುಗಿ, ನಿಮ್ಮನ್ನು ಗಲ್ಲದಿಂದ ತೋರಿಸಿ, "ಇವತ್ತಿಗೂ ಇವ್ರ ಕೈಯಾಗ ಚಾ ಮಾಡ್ಲಾಕ ಬಿಡಂಗಿಲ್ರಿ. ಸಕ್ಕರಿ ಹಾಕ್ಲಾಕತ್ರಂದ್ರ ಕೈ ನಿಲ್ಲಂಗಿಲ್ಲ. ಊರ ನೀರೇ ಕೆಡಿಸಿ ಬಂದೋರು, ನನ್ನ ಚಾ ಬಿಡ್ತಾರೇನು?"

"ನಿನ್ನ ಜೋಡಿ ಬಾಳೇವು ಮಾಡ್ಲಾಕ ಸಕ್ಕರಿ ಜಾಸ್ತೀನೇ ಬೇಕು," ಎಂದಿರಿ ನೀವು.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಆ ಅಳಿಯ. ನಾನೂ ನಕ್ಕೆ. ನೀವು ತಟ್ಟೆ ಹಿಡಿದು ನಿಂತಿದ್ದಿರಿ, ನನ್ನ ಕಡೆ ನೋಡಲಿಲ್ಲ.

ಆಗ ಅರ್ಥವಾಯಿತು. ನನ್ನ ಸೇಡು ಆ ಬೇಸಿಗೆಗೆ ಮುಗಿದಿಲ್ಲ, ನಿಮ್ಮ ಮನೆಯಲ್ಲಿ ದಿನಾ ನಡೆಯುತ್ತಿದೆ. ಹೆಂಡತಿಯ ತಮಾಷೆಯಲ್ಲಿದೆ, ಈಗ ಅಳಿಯನ ಬಾಯಿಗೂ ಬಂತು, ನಾಳೆ ಮೊಮ್ಮಕ್ಕಳಿಗೆ ಕಥೆಯಾಗುತ್ತದೆ. ನೀವು ಬಾಯಿ ಬಿಡುವವರಲ್ಲ. ನಾನು ಬಿಡದಿದ್ದರೆ ಅದು ಹಾಗೇ ಉಳಿಯುತ್ತದೆ.

ಒಂದು ಮಾತು ಸ್ಪಷ್ಟವಾಗಿರಲಿ. ಮಾಲಕರ ಕೋಣೆಯಲ್ಲಿ ನೀವು ಆಡಿದ ಮಾತನ್ನು ನಾನು ಕ್ಷಮಿಸಿಲ್ಲ. ವಯಸ್ಸಾದಂತೆ ಅದು ತಣ್ಣಗಾಗುತ್ತದೆ ಎಂದುಕೊಂಡಿದ್ದೆ, ಆಗಿಲ್ಲ. ನಿಮ್ಮಿಂದ ಅದಕ್ಕೊಂದು ಉತ್ತರ ಬೇಕೆಂದು ಇಂದಿಗೂ ಅನ್ನಿಸುತ್ತದೆ. ಆದರೆ ಆ ಸಿಟ್ಟನ್ನು ನಾನು ಮಾಡಿದ್ದಕ್ಕೆ ಕಾರಣವೆಂದು ಮುಂದಿಡುವುದಿಲ್ಲ. ಆ ಮುದುಕಿ ನನಗೆ ಏನೂ ಅಂದಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಗಂಟಿನ ಮೇಲೆ ಕೂತವರು ಏನೂ ಅಂದಿರಲಿಲ್ಲ. ಕಸ್ತೂರಿಯವರು ಏನೂ ಅಂದಿರಲಿಲ್ಲ.

ನಿನ್ನೆ ಅವರಿಗೆ ಫೋನು ಮಾಡಿದೆ. ರವಿವಾರ ಬಗದಲಿಗೆ ಬರುತ್ತೇನೆ, ನಿಮ್ಮೆಲ್ಲರ ಮುಂದೆ ಒಂದು ಮಾತು ಹೇಳುವುದಿದೆ, ಅಳಿಯನನ್ನೂ ಕರೆಯಿರಿ ಎಂದೆ. "ಅಯ್ಯ, ಬರ್ರಿ ಮೇಡಮ್ಮೋರೆ! ಹಂಗೇ ಮಾತಾಡಿ ಹೋದ್ರ ನಡೆಯಂಗಿಲ್ಲ, ಊಟಕ್ಕೇ ಬರ್ಬೇಕು," ಎಂದರು. ಅಲ್ಲಿಂದ ಔರಾದ ಕಡೆಗೆ ಹೋಗಬೇಕು. ಆ ಕಟ್ಟೆಯ ಬಳಿ ಉಳಿದವರು ಯಾರಿದ್ದಾರೋ ಅವರಿಗೂ ಹೇಳಬೇಕು. ಮೊದಲು ನಿಮ್ಮ ಮನೆ. ಊಟಕ್ಕೆ ಕೂರುವ ಮುಂಚೆಯೇ ಹೇಳುತ್ತೇನೆ, ಮಾಳಪ್ಪನವರೇ. ಹೇಳಿದ ಮೇಲೆ ನನ್ನ ಮುಂದೆ ತಟ್ಟೆ ಇಡುವುದೋ ಬಿಡುವುದೋ ಕಸ್ತೂರಿಯವರ ಇಷ್ಟ.